ಗುಬ್ಬಿಯ ಮನೆಗೆ ಬಂದ ಲೈಸೆನ್ಸು

ನಮ್ಮ ಸೋದರಮಾವ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದವರು. ನಿವೃತ್ತರಾದ ಮೇಲೆ ಗುಬ್ಬಿಯ ತಮ್ಮ ಮನೆಯಲ್ಲೇ, ಮನಸ್ಸಿನ ಕಾಯಿಲೆಯ ಹೆಂಗಸರನ್ನು ಇಟ್ಟುಕೊಂಡು ನೋಡಿಕೊಳ್ಳಲು ಶುರು ಮಾಡಿದರು. ಎಪ್ಪತ್ತರ ದಶಕದ ಮಾತು. ನಾನು ಆಗತಾನೇ ತುಮಕೂರಿನಲ್ಲಿ ನರ್ಸಿಂಗ್ ಮುಗಿಸಿ, ಮದುವೆಯ ಮಾತೆತ್ತಿದವರ ಮೇಲೆಲ್ಲ ಹರಿಹಾಯುತ್ತಾ ಮನೆಯಲ್ಲಿದ್ದೆ. "ಆ ಕೋಪಾನೆಲ್ಲ ಇಲ್ಲಿ ತಂದು ಕೆಲಸಕ್ಕೆ ಹಾಕು ಬಾ" ಎಂದರು ಮಾವ. ಹೋದೆ.

ಊರಿನವರು ನಮ್ಮದನ್ನು ಹುಚ್ಚಾಸ್ಪತ್ರೆ ಎಂದೇ ಕರೆದರು. ಬಸ್ ಸ್ಟ್ಯಾಂಡಿನ ಸೋಡಾ ಅಂಗಡಿಯವನಿಗೆ ನನ್ನನ್ನು ಕಂಡಾಗಲೆಲ್ಲ ಒಂದೇ ತಮಾಷೆ: "ಇವತ್ತು ಯಾರಾದ್ರೂ ತಪ್ಪಿಸ್ಕೊಂಡ್ರಾ ಸಿಸ್ಟರ್?" "ಹೂಂ ಕಣಪ್ಪ, ಒಬ್ಬ ಇಲ್ಲೇ ಕೂತ್ಕೊಂಡು ಸೋಡಾ ಮಾರ್ತಾವ್ನೆ" ಎಂದೆ ಒಂದು ದಿನ. ಆಮೇಲೆ ಅವನು ಕೇಳಲಿಲ್ಲ.

ನಮ್ಮಲ್ಲಿ ಎಲ್ಲರನ್ನೂ ಅವರವರ ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ಕುಣಿಗಲ್ ಅಕ್ಕ ಹಾಗೆ ಬಂದವರಲ್ಲಿ ಮೊದಲಿಗಳು. ಹೆರಿಗೆಯಲ್ಲಿ ಮಗು ಹೋಗಿ, ತಲೆ ಕೆಟ್ಟು, ಸೀರೆಯಲ್ಲಿ ಕೈ ಕಟ್ಟಿಸಿಕೊಂಡು ಅಣ್ಣನ ಜೊತೆ ಬಸ್ಸಿಳಿದಿದ್ದಳು. ಮಾವನ ಔಷಧಿಯಿಂದ ಪೂರ್ತಿ ಗುಣವಾದಳು. ಅಷ್ಟರಲ್ಲಿ ಗಂಡ ಇನ್ನೊಂದು ಮದುವೆಯಾಗಿದ್ದ, ಅಣ್ಣ ಈ ಕಡೆ ತಲೆ ಹಾಕಲಿಲ್ಲ. ಅವಳೂ ಹೋಗುತ್ತೇನೆ ಎನ್ನಲಿಲ್ಲ. ಅಡುಗೆಮನೆ ಹಿಡಿದಳು.

ಅಡುಗೆಯನ್ನು ಯಾರಾದರೂ ಮಾಡಿಯಾರು. ಅವಳ ಕೈಯಲ್ಲಿದ್ದದ್ದು ಬೇರೆ. ಹೊಸದಾಗಿ ಬಂದವಳು ಹೆದರಿ ಮೂಲೆ ಸೇರಿದರೆ, ನಮ್ಮ ಮಾತ್ರೆ ಕೆಲಸ ಮಾಡುವ ಮೊದಲೇ ಇವಳು ನೆನೆಸಿದ ಅವರೆಕಾಳಿನ ಬೇಸಿನ್ ತಂದು ಅವಳ ಮುಂದಿಟ್ಟು, ಎದುರಿಗೆ ಕೂತು ಹಿತುಕತೊಡಗುತ್ತಿದ್ದಳು. ಸಮಾಧಾನ ಹೇಳುವುದಿಲ್ಲ, ಹೆಸರು ಕೇಳುವುದಿಲ್ಲ. ಸಿಪ್ಪೆಯಿಂದ ಬೇಳೆ ಚಂಗನೆ ಹಾರುತ್ತದಲ್ಲ, ಅದನ್ನು ಎಂಥವಳೂ ಒಂದು ಸಲ ಕಣ್ಣೆತ್ತಿ ನೋಡುತ್ತಾಳೆ. ಸ್ವಲ್ಪ ಹೊತ್ತಿಗೆ ಅವಳ ಕೈಯೂ ಬೇಸಿನ್ನಿಗೆ ಬರುತ್ತಿತ್ತು. ಅವರೆ ಕಾಲ ಮುಗಿದರೆ ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ. ಇಂಥ ರೋಗಿಗಳು ಬಂದ ದಿನವೇ ಕೂತು ಉಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಾವನದು ಒಂದು ಪಾಠವಿತ್ತು. ಗುಣವಾಗಿ ಮನೆಗೆ ಹೊರಟವಳಿಗೆ ಬಸ್ ಸ್ಟ್ಯಾಂಡಿನಲ್ಲಿ ಹೇಳಿಸುತ್ತಿದ್ದರು: "ಯಾರಾದ್ರೂ ಕೇಳಿದ್ರೆ ಏನಂತೀಯ? ತಲೆ ಕೆಟ್ಟಿತ್ತು, ಔಷಧಿ ತಗಂಡೆ, ವಾಸಿಯಾಯ್ತು ಅನ್ನು. ತಲೆ ಎತ್ತಿ ಅನ್ನು. ಕಳ್ಳತನ ಮಾಡಿದೀಯೇನು ಮುಚ್ಚಿಡೋಕೆ?" ಕಳಿಸಲು ಜೊತೆಗೆ ಬರುತ್ತಿದ್ದ ಕುಣಿಗಲ್ ಅಕ್ಕನಿಗೆ ಅದು ಬಾಯಿಪಾಠ.

ಇಂಥ ಮನೆ ನಡೆಸಲು ಲೈಸೆನ್ಸ್ ಬೇಕೆಂದು ಬ್ರಿಟಿಷರ ಕಾಲದ ಕಾಯಿದೆಯಿತ್ತು. ಗುಬ್ಬಿಯವರೆಗೆ ಬಂದು ಅದನ್ನು ಕೇಳಿದವರಿರಲಿಲ್ಲ. ಎಂಬತ್ತರ ದಶಕದಲ್ಲಿ ಹೊಸ ಕಾಯಿದೆ ಬರುತ್ತದೆಂದು ಸುದ್ದಿಯಾದಾಗ ಮಾವ ತಾವಾಗಿಯೇ ಅರ್ಜಿ ಹಾಕಿದರು. "ಬೀದೀಲಿ ಹೋಗೋ ಮಾರೀನ ಮನೆಗೆ ಕರೀತಿದೀರ" ಎಂದು ನಾನು ರೇಗಿದೆ. "ಕೈಕಾಲು ಕಟ್ಟಿಹಾಕಿ ದುಡ್ಡು ಮಾಡೋ ಮನೆಗಳೂ ಅವೆ ಕಣೇ. ಅವಕ್ಕೂ ನಮಗೂ ವ್ಯತ್ಯಾಸ ಕಾಣ್ಬೇಕೋ ಬೇಡ್ವೋ?" ಎಂದರು.

ತುಮಕೂರಿನಿಂದ ತಪಾಸಣೆಗೆ ಬಂದ ಅಧಿಕಾರಿ ಕೆಟ್ಟವರೇನಲ್ಲ. ಕಿಟಕಿ, ಕಕ್ಕಸು, ಔಷಧಿ ಬೀರು ಎಲ್ಲ ನೋಡಿ ಮೆಚ್ಚಿದರು. ಹಿತಕಿದ ಬೇಳೆ ಸಾರಿನಲ್ಲಿ ಮುದ್ದೆ ಉಂಡು ಇನ್ನರ್ಧ ಹಾಕಿಸಿಕೊಂಡರು. ಕೈ ತೊಳೆಯುತ್ತಾ ಕೇಳಿದರು: "ಈಯಮ್ಮ ಯಾರು? ರೋಗಿನಾ, ಸಿಬ್ಬಂದಿನಾ?"

"ನಾನು ಇಲ್ಲಿಯೋಳು" ಎಂದಳು ಅಕ್ಕ.

ಇಲ್ಲಿಯವಳು ಎಂಬುದಕ್ಕೆ ಕಾನೂನಿನಲ್ಲಿ ಜಾಗವಿರಲಿಲ್ಲ. ಲೈಸೆನ್ಸ್ ಇರುವ ಮನೆಯಲ್ಲಿ ಮಲಗುವವರು ಒಂದೋ ರೋಗಿ, ಇಲ್ಲವೇ ಕೆಲಸದವರು. ಗುಣವಾದವರನ್ನು ಇಟ್ಟುಕೊಳ್ಳುವಂತಿಲ್ಲ. ಗುಣವಾದವರನ್ನೂ ದುಡ್ಡಿಗಾಗಿ ಕೂಡಿಹಾಕುವವರಿದ್ದಾರಲ್ಲ, ಅದೂ ಸರಿಯಾದ ನಿಯಮವೇ. ಅಧಿಕಾರಿಯೇ ದಾರಿ ತೋರಿಸಿದರು: "ಅಡುಗೆಯೋರು ಅಂತ ಹಾಕಿ ಸಾರ್. ಸರ್ಕಾರಿ ಡಾಕ್ಟರ ಹತ್ರ ಒಂದು ಫಿಟ್‌ನೆಸ್ ಸರ್ಟಿಫಿಕೇಟ್ ತರಿಸಿಬಿಡಿ, ಮುಗೀತು."

ಅಕ್ಕನನ್ನು ತುಮಕೂರಿಗೆ ಕರೆದುಕೊಂಡು ಹೋದವಳು ನಾನೇ. ಇಸ್ತ್ರಿ ಮಾಡಿದ ಸೀರೆಯುಟ್ಟಿದ್ದಳು. ಎಳೆ ವಯಸ್ಸಿನ ಡಾಕ್ಟರು ಉಗುರು ನೋಡಿದರು, ಕೆಮ್ಮಿಸಿದರು, ಬರೆಯುತ್ತಲೇ ಕೇಳಿದರು: "ಹಿಂದೆ ಏನಾದ್ರೂ ದೊಡ್ಡ ಕಾಯಿಲೆ ಆಗಿತ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಸೆರಗು ಸರಿಮಾಡಿಕೊಂಡು ತಲೆ ಎತ್ತಿದ್ದಳು. "ತಲೆ ಕೆಟ್ಟಿತ್ತು ಸಾರ್. ಔಷಧಿ ತಗಂಡೆ. ವಾಸಿಯಾಯ್ತು."

ಹೇಳಿ ನನ್ನ ಕಡೆ ತಿರುಗಿ ನಕ್ಕಳು, ಪಾಠ ತಪ್ಪಿಲ್ಲದೆ ಒಪ್ಪಿಸಿದ ಮಗುವಿನಂತೆ. ಡಾಕ್ಟರ ಪೆನ್ನು ನಿಂತಿತು. ಅವಳನ್ನು ಹೊರಗೆ ಕೂರಿಸಿ ನಾನು ಏನೇನೋ ವಿವರಿಸಿದೆ, ಆಮೇಲೆ ಜಗಳಕ್ಕೂ ನಿಂತೆ. "ಬೆಂಕಿ, ಚಾಕು ಇರೋ ಕೆಲಸ ಸಿಸ್ಟರ್. ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ" ಎನ್ನುತ್ತಾ ಅವರು, ಅಡುಗೆ ಕೆಲಸಕ್ಕೆ ಯೋಗ್ಯಳಲ್ಲ ಎಂದು ಬರೆದರು. ಇಂಗ್ಲಿಷಿನಲ್ಲಿ ಬರೆದದ್ದು ಅವಳಿಗೆ ಗೊತ್ತಾಗಲಿಲ್ಲ. ನಾನು ಜಗಳವಾಡಿದ್ದು ನನ್ನ ಸ್ವಭಾವ ಅಂದುಕೊಂಡಳು. ಬಸ್ ಹತ್ತುವ ಮುಂಚೆ ಮನೆಯವರಿಗೆಲ್ಲ ಕಡ್ಲೆಪುರಿ ಕಟ್ಟಿಸಿಕೊಂಡಳು. ಗುಬ್ಬಿಯಲ್ಲಿ ಬಸ್ಸಿಳಿದ ಮೇಲೆ ಅವಳಿಗೆ ಹೇಳಿದೆ.

ಮಾವ ಮಾರನೆಯ ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ಇನ್ನೊಂದು ದಾರಿ ಹೇಳಿದರು: ಕಾಯಿಲೆ ಮರುಕಳಿಸಿದೆ ಎಂದು ಬರೆದರೆ ರೋಗಿಯಾಗಿ ಇರಬಹುದು. ಸುಳ್ಳು ಬರೆಯಲು ಒಪ್ಪಿದ ಅವರನ್ನು ನಾನು ಅದೇ ಮೊದಲು ನೋಡಿದ್ದು. ಅಕ್ಕ ಕೈ ಮುಗಿದಳು. "ನನ್ನ ಮತ್ತೆ ಹುಚ್ಚಿ ಅಂತ ಬರೀಬ್ಯಾಡಿ ಡಾಕ್ಟ್ರಣ್ಣ. ಬೇಕಾದ್ರೆ ಹೋಯ್ತೀನಿ. ಅದೊಂದು ಬ್ಯಾಡಿ."

ಗುಬ್ಬಿಯಲ್ಲೇ ಅವಳಿಗೊಂದು ರೂಮು ಹುಡುಕಿದೆ. ಹುಚ್ಚಾಸ್ಪತ್ರೆಯವಳಿಗೆ ಬಾಡಿಗೆಗೆ ಕೊಡುವವರು ಸಿಗಲಿಲ್ಲ. ಕೊನೆಗೆ ಅಣ್ಣನೇ ಬಂದು, ಬೇಸರ ಮುಚ್ಚಿಡದೆ, ಕುಣಿಗಲ್‌ಗೆ ಕರೆದುಕೊಂಡು ಹೋದ.

ಲೈಸೆನ್ಸು ಬಂತು. ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದೆವು. ಫಿಟ್‌ನೆಸ್ ಇದ್ದ ಅಡುಗೆಯವಳೂ ಬಂದಳು. ನಿಯಮದಂತೆ ರೋಗಿಗಳನ್ನು ಅಡುಗೆಮನೆಯ ಹೊಸಿಲಿನಾಚೆಯೇ ನಿಲ್ಲಿಸಿದಳು. ಹೊಸಬರಿಗೆ ಮಾತ್ರೆ ಕೊಡುತ್ತಿದ್ದೆವು; ಅವರು ಮೂಲೆಯಲ್ಲಿ ಅಳುತ್ತಿದ್ದರು. ನಾನೂ ಬೇಸಿನ್ ಹಿಡಿದು ಎದುರಿಗೆ ಕೂತು ನೋಡಿದೆ. ಸುಮ್ಮನಿರುವುದು ನನ್ನ ಕೈಲಾಗುವ ಕೆಲಸವಲ್ಲ.

ಮುಂದಿನ ಅವರೆ ಕಾಲದಲ್ಲಿ ಕುಣಿಗಲ್‌ಗೆ ಹೋಗಿದ್ದೆ. ಅಕ್ಕ ಹಿತ್ತಿಲ ಜಗಲಿಯಲ್ಲಿ ಬರಿಗೈಯಲ್ಲಿ ಕೂತಿದ್ದಳು. "ಒಲೆ ಹತ್ರ ಬಿಡಲ್ಲ ಸಿಸ್ಟರ್, ಮಕ್ಕಳಿರೋ ಮನೆ" ಎಂದಳು ಅತ್ತಿಗೆ, ಅವಳೆದುರಿಗೇ.

"ಹೊಸಬ್ರು ಬಂದವ್ರಾ? ಅವರೆಕಾಳು ಕೊಟ್ರಾ?" ಎಂದು ಕೇಳಿದಳು ಅಕ್ಕ.

"ಕೊಟ್ವಿ" ಎಂದೆ.

ಹೊರಡುವಾಗ ಬಾಗಿಲವರೆಗೆ ಬಂದಳು. "ಡಾಕ್ಟ್ರಣ್ಣಂಗೆ ಹೇಳವ್ವ, ಯಾರು ಕೇಳಿದ್ರೂ ನಾನು ಇವತ್ತೂ ತಲೆ ಎತ್ತೇ ಹೇಳ್ತೀನಿ ಅಂತ."

ಬಂದು ಮಾವನಿಗೆ ಹೇಳಿದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಒಳಗೆ ಹೋದರು.

ಆ ವಾರವೇ ತಿಪಟೂರಿನ ಹುಡುಗಿಯೊಬ್ಬಳು ಗುಣವಾಗಿ ಮನೆಗೆ ಹೊರಟಳು. ಬಸ್ ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಬೇರೆಯವರು ಹೇಳಿಸಿಕೊಂಡದ್ದನ್ನು ಕೇಳಿದ್ದ ಅವಳು, ಬಸ್ಸಿನ ಮೆಟ್ಟಿಲ ಹತ್ತಿರ ನಿಂತು ಪಾಠಕ್ಕಾಗಿ ಕಾದಳು. ಮಾವ ಅವಳ ಚೀಲವನ್ನು ಒಳಗಿಟ್ಟು ಇಳಿದರು.

"ಯಾರಾದ್ರೂ ಕೇಳಿದ್ರೆ," ಎಂದರು, ಅವಳ ಮುಖ ನೋಡದೆ, "ಟೈಫಾಯ್ಡ್ ಆಗಿತ್ತು ಅನ್ನಮ್ಮ."