ಗಿರಾಕಿಗಳ ಕಡೆ ತಿರುಗಿಸಿಟ್ಟ ಸ್ಕ್ರೀನು

ಗಂಟಲಿನ ಆಪರೇಷನ್ ಮುಗಿಸಿಕೊಂಡು ನಾನು ಶಿವಮೊಗ್ಗದಿಂದ ಅಜ್ಜಂಪುರಕ್ಕೆ ವಾಪಸ್ ಬಂದಾಗ ನನಗೆ ಧ್ವನಿ ಇರಲಿಲ್ಲ. ಕ್ಯಾನ್ಸರ್ ಧ್ವನಿಪೆಟ್ಟಿಗೆಯಲ್ಲೇ ಇದ್ದುದರಿಂದ ಅದನ್ನೇ ತೆಗೆದುಬಿಟ್ಟಿದ್ದರು. ಕತ್ತಿನ ಬುಡದಲ್ಲಿ ಮಾಡಿದ ತೂತಿನಿಂದ ಉಸಿರಾಡುತ್ತಿದ್ದೆ. ಅದಕ್ಕೆ ಅಡ್ಡವಾಗಿ ಕಟ್ಟಿಕೊಳ್ಳಲು ಹೆಂಡತಿ ತನ್ನ ಹಳೆಯ ಸೀರೆಯಿಂದ ತೆಳುವಾದ ಬಟ್ಟೆ ಹೊಲಿದುಕೊಟ್ಟಿದ್ದಳು. ಜೀವ ಉಳಿಯಿತಲ್ಲ ಎಂದು ನೋಡಲು ಬಂದವರೆಲ್ಲ ಹೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಪಹಣಿ ತೆಗೆಸುವವರು, ಪಿಂಚಣಿಗೆ ಅರ್ಜಿ ಹಾಕುವವರು, ಖಾತೆ ಬದಲಾವಣೆಗೆ ಓಡಾಡುವವರು ಬರುತ್ತಾರೆ. ಅಂಥ ಅಂಗಡಿಯಲ್ಲಿ ಬೆರಳಿಗಿಂತ ಬಾಯಿಗೇ ಕೆಲಸ ಹೆಚ್ಚು. ಗಾಯ ಮಾಗಿದ ಮೇಲೆ ಬಾಗಿಲು ತೆಗೆದೆನಾದರೂ ಏನು ಕಾಗದ ಬೇಕು, ಯಾವತ್ತು ಬರಬೇಕು ಎಂದು ಹೇಳಲಾಗಲಿಲ್ಲ. ಮೊಬೈಲಿನಲ್ಲಿ ಬರೆದು ತೋರಿಸಿದರೆ, ಅಕ್ಷರ ಸಣ್ಣ, ಕನ್ನಡಕ ತಂದಿಲ್ಲ ಎನ್ನುತ್ತಿದ್ದರು. ಮಾತು ಬಾರದವನಿಗೆ ಕಿವಿಯೂ ಕೇಳಿಸುವುದಿಲ್ಲ ಎಂದುಕೊಂಡು ಕೆಲವರು ಮುಖದ ಹತ್ತಿರ ಬಂದು ಕೂಗುತ್ತಿದ್ದರು. ಒಬ್ಬರು ನನ್ನೆದುರೇ ಪಕ್ಕದವರಿಗೆ, "ಪಾಪ, ಇನ್ನೆಷ್ಟ್ ದಿನ ಇರ್ತಾನೋ" ಎಂದರು. ನಾನು ಅವರ ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆದುಕೊಟ್ಟೆ.

ಆ ದಿನ ಮಧ್ಯಾಹ್ನ ಊಟಕ್ಕೆ ಹೋದವನು ತಟ್ಟೆ ಮುಂದೆ ಸುಮ್ಮನೆ ಕೂತಿದ್ದೆ. ಹೆಂಡತಿ ಅನ್ನಕ್ಕೆ ಸಾರು ಬಡಿಸಿದಳು. ಸ್ವಲ್ಪ ಹೊತ್ತಾದ ಮೇಲೆ, "ಅಟ್ಟದ ಮ್ಯಾಲೆ ಆ ಹಳೇ ಕಂಪ್ಯೂಟರ್ ಐತಲ್ರೀ, ಅದನ್ನ ಜನದ ಕಡೆ ತಿರುಗಿಸಿ ಇಟ್ಕಳಿ. ನೀವು ಈ ಕಡೆ ಹೊಡೀರಿ, ಅವ್ರು ಆ ಕಡೆ ಓದ್ಕಂತಾರೆ" ಎಂದಳು.

ಅದು ಅಂಗಡಿ ಶುರು ಮಾಡಿದಾಗ ಕೊಂಡದ್ದು. ಯಂತ್ರವೆಲ್ಲ ಸ್ಕ್ರೀನಿನ ಬೆನ್ನಿನಲ್ಲೇ ಅಡಗಿರುವ ಒಂದೇ ತುಂಡಿನ ಡೆಸ್ಕ್‌ಟಾಪ್. ಕೆಲಸಕ್ಕೆ ತೀರಾ ನಿಧಾನವಾಯಿತೆಂದು ಬೆಡ್‌ಶೀಟು ಸುತ್ತಿ ಇಟ್ಟಿದ್ದೆವು. ತರೀಕೆರೆಯಿಂದ ರಿಪೇರಿಯವರು ಬಂದು, ಇದಕ್ಕೆ ಹೊರಗಿನಿಂದ ವೈರು ಸಿಕ್ಕಿಸಿ ಚಿತ್ರ ತರಿಸಲು ಜಾಗವಿಲ್ಲ, ಇದನ್ನೂ ಅಂಗಡಿಯ ಹೊಸ ಕಂಪ್ಯೂಟರನ್ನೂ ಒಂದೇ ವೈಫೈಗೆ ಸೇರಿಸಿ ನೋಡೋಣ ಎಂದರು. ಸಂಜೆಯೊಳಗೆ ಹಳೆಯದು ಹೊಸದರ ಎರಡನೆಯ ಸ್ಕ್ರೀನಾಯಿತು. ಒಬ್ಬರ ಕಾಗದ ಇನ್ನೊಬ್ಬರಿಗೆ ಕಾಣಬಾರದೆಂದು, ನಾನು ಟೈಪ್ ಮಾಡುವ ಮಾತಷ್ಟೇ ಆ ಕಡೆ ದಪ್ಪ ಅಕ್ಷರದಲ್ಲಿ ಮೂಡುವ ಹಾಗೆ ಮಾಡಿಕೊಂಡೆ. ಹೀಗಾಗಿ ನಾನು ಬರೆದದ್ದು ನನಗೇ ಕಾಣುತ್ತಿರಲಿಲ್ಲ. ಕೀಬೋರ್ಡು ನೋಡದೆ ಹೊಡೆದು ರೂಢಿಯಿದ್ದುದರಿಂದ ನಡೆಯಿತು.

ಮೊದಲು ಬಂದವರು ಬಳೆ ಅಂಗಡಿಯ ಅಜ್ಜಿ. ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಾರೆ, ನಮ್ಮ ಜೊತೆ ಕನ್ನಡ. ಬನ್ನಿ ಅಮ್ಮ, ಕೂತ್ಕೊಳ್ಳಿ ಎಂದು ಟೈಪ್ ಮಾಡಿದೆ. ಹಳೆಯ ಯಂತ್ರದಲ್ಲಿ ಅಕ್ಷರ ಸ್ವಲ್ಪ ತಡವಾಗಿ ಬರುತ್ತಿತ್ತು. ಅಜ್ಜಿ ಸ್ಕ್ರೀನು ನೋಡಿದರು, ನನ್ನನ್ನು ನೋಡಿದರು.

"ನಂಗೆ ಓದಕ್ಕೆ ಬರಲ್ಲ ಕಣಪ್ಪ."

ಅಷ್ಟೂ ಜನರ ನಡುವೆ ಹಾಗೆ ಹೇಳಿಸಿದೆನಲ್ಲ ಎಂದು ನನಗೆ ಸಂಕಟವಾಯಿತು. ಹಿಂದೆ ನಿಂತಿದ್ದ ಕಾಲೇಜಿನ ಹುಡುಗಿಯೊಬ್ಬಳು ಮುಂದೆ ಬಂದು, "ಕೂತ್ಕೊಳ್ಳಿ ಅಂತಿದಾರೆ ಅಜ್ಜಿ" ಎಂದಳು. ಅಜ್ಜಿ ಕೂತರು. ನಾನು ಬರೆಯುತ್ತ ಹೋದೆ, ಅವಳು ಓದುತ್ತ ಹೋದಳು. ಆಮೇಲೆ ಅದೇ ರೂಢಿಯಾಯಿತು. ಓದಲು ಬಾರದವರಿಗೆ ಬೆಂಚಿನಲ್ಲಿ ಕೂತ ಯಾರಾದರೂ ಓದಿ ಹೇಳುತ್ತಿದ್ದರು. ಒಬ್ಬ ಒರಟು ದನಿಯ ಲಾರಿ ಡ್ರೈವರ್ ನನ್ನ ಮಾತನ್ನೆಲ್ಲ ಗದರಿಸಿದಂತೆ ಓದಿದ್ದು ನೆನಪಿದೆ. ಕೇಳಿಸಿಕೊಳ್ಳುವವರು ಅವನ ಕಡೆ ನೋಡದೆ ನನ್ನ ಕಡೆಯೇ ನೋಡಿ ಉತ್ತರ ಕೊಡುತ್ತಿದ್ದರು. ಅದು ನನಗೆ ಬಹಳ ಸಮಾಧಾನ ಕೊಟ್ಟಿತು.

ನನ್ನ ತಾಯಿಗೂ ಓದಲು ಬರುವುದಿಲ್ಲ. ನಮ್ಮ ಜೊತೆಯಲ್ಲೇ ಇರುತ್ತಾಳೆ. ಆಸ್ಪತ್ರೆಯಿಂದ ಬಂದಾಗಿನಿಂದ ನಮ್ಮಿಬ್ಬರ ನಡುವೆ ಬರೀ ಸನ್ನೆ: ಅನ್ನ, ನೀರು, ಬಾಗಿಲು. ಒಂದು ದಿನ ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿದ್ದವಳು ಹೆಂಡತಿಯ ಜೊತೆ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತಳು. ಬೇರೆ ಯಾರೂ ಇರಲಿಲ್ಲ. ಹೊಳೆಯುವ ಸ್ಕ್ರೀನನ್ನೇ ನೋಡುತ್ತ, "ಇದ್ರಾಗೇ ಏನೋ ನೀನು ಮಾತಾಡಾದು" ಎಂದಳು. ಹೌದು ಎಂದು ಬರೆದೆ. ಹೆಂಡತಿ ಓದಿದಳು.

ಅಮ್ಮ ಸ್ಕ್ರೀನು ಬಿಟ್ಟು ನನ್ನ ಕಡೆ ತಿರುಗಿದಳು.

"ಕುಯ್ಯಕ್ಕೆ ಒಳಗ್ ಕರ್ಕಂಡೋದ್ರಲ್ಲ, ಆವಾಗ ಭಯ ಆಗಿತ್ತೇನೋ?"

ಇಲ್ಲ ಎಂದು ಬರೆದೆ. ಹೆಂಡತಿ ಅದನ್ನು ಓದುವ ಮೊದಲೇ ಅಳಿಸಿದೆ. ಆಪರೇಷನ್ ಹಿಂದಿನ ದಿನ, ಇನ್ನೂ ಧ್ವನಿ ಇದ್ದಾಗ, ಏನೂ ಆಗಲ್ಲ ಬಿಡು ಎಂದು ಹೆಂಡತಿಗೆ ನಾನೇ ಧೈರ್ಯ ಹೇಳಿದ್ದೆ. ಈಗ ಬೇರೆ ಬರೆದೆ. ತುಂಬ ಭಯ ಆಗಿತ್ತು ಅಮ್ಮ. ನಿನ್ನ ಕರೆಯಕ್ಕೆ ಆಗಲ್ವಲ್ಲ ಇನ್ಮೇಲೆ ಅಂತ ಅನ್ನಿಸ್ತಿತ್ತು.

ಹೆಂಡತಿ ಓದಲಿಲ್ಲ. ಸೆರಗಿನ ತುದಿ ಹಿಡಿದುಕೊಂಡು ಸ್ಕ್ರೀನನ್ನೇ ನೋಡುತ್ತಿದ್ದಳು.

"ಏನಂದನೇ?" ಎಂದಳು ಅಮ್ಮ.

ಆಗ ಅವಳು ಒಂದಕ್ಷರ ಬಿಡದೆ ಓದಿದಳು, ಅಮ್ಮ ಎಂಬುದನ್ನೂ ಸೇರಿಸಿ. ಅಮ್ಮ ಕೈ ಮುಂದೆ ಚಾಚಿ ಮೇಜಿನ ಮೇಲಿದ್ದ ನನ್ನ ಬೆರಳುಗಳನ್ನು ಹಿಡಿದುಕೊಂಡಳು. ಅವಳು ಬಿಡುವ ತನಕ ನಾನು ಏನೂ ಹೇಳುವಂತಿರಲಿಲ್ಲ.

"ಅಷ್ಟ್ ಹೇಳಕ್ಕೆ ಇಷ್ಟ್ ದಿನ ಬೇಕಾಯ್ತೇನೋ" ಎಂದಳು.

ಈಗ ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಪುಟ್ಟ ಯಂತ್ರವೊಂದು ನನ್ನ ಹತ್ತಿರ ಇದೆ. ಅದರ ದನಿ ನನ್ನದಲ್ಲ, ಯಾರದೂ ಅಲ್ಲ. ಅಂಗಡಿಯಲ್ಲಿ ಇವತ್ತಿಗೂ ಸ್ಕ್ರೀನೇ. ಮನೆಯಲ್ಲಿ ಅಮ್ಮನಿಗೆ ಯಂತ್ರದ ಮಾತು ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ತಿಳಿಯದಾಗ ಅವಳು ಬಿಡುವುದಿಲ್ಲ. "ಇನ್ನೊಂದ್ಸಲ ಹೇಳು" ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂರುತ್ತಾಳೆ. ನಾನು ಇನ್ನೊಂದು ಸಲ ಹೇಳುತ್ತೇನೆ.