ಉಪಕರಣದ ಹಣೆ

ಕಳೆದ ವರ್ಷ ಆಯುಧಪೂಜೆಯ ರಜೆಯ ಹಿಂದಿನ ದಿನ ಬೆಳಿಗ್ಗೆ, ಬನಶಂಕರಿಯ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರು ಬೆಳಕು ಅಳೆಯುವ ಉಪಕರಣಕ್ಕೆ ಕುಂಕುಮ ಹಚ್ಚಿದರು. ನಾನು ಆ ಲ್ಯಾಬಿನ ಇನ್‌ಸ್ಟ್ರಕ್ಟರ್. ಮಂಗಳಾರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

"ಇದ್ರ ಹಣೆ ಎಲ್ಲಿ ಬರುತ್ತೆ ರೀ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮುಂಭಾಗದ ದುಂಡು ಗಾಜಿನ ನಟ್ಟನಡುವೆ ಬೊಟ್ಟು ಇಟ್ಟರು. ಬೆಳಕು ಒಳಗೆ ಹೋಗಲು ಇರುವ ದಾರಿ ಅದೊಂದೇ. ಎಲ್‌ಇಡಿ ಬಗ್ಗೆ ಸಮ್ಮೇಳನಗಳಲ್ಲಿ ಗಂಟೆಗಟ್ಟಲೆ ಮಾತಾಡುವ ಅವರು ಲ್ಯಾಬಿಗೆ ಬರುತ್ತಿದ್ದುದು ಪೂಜೆಗೆ ಮತ್ತು ಫೋಟೋಗೆ. ಅಂದು ಎರಡೂ ಒಟ್ಟಿಗೆ ಮುಗಿದವು.

ಆ ಉಪಕರಣವನ್ನು ದಿನವೂ ಬಳಸುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ಅಲ್ಲಿರಲಿಲ್ಲ. ಬೂದುಗುಂಬಳ ತರಲು ಅವಳನ್ನು ಮಡಿವಾಳ ಮಾರ್ಕೆಟ್ಟಿಗೆ ಕಳಿಸಿದ್ದವರೂ ಅವರೇ. ಎಲ್‌ಇಡಿಯನ್ನು ಕಣ್ಣಿಗೆ ಕಾಣದಷ್ಟು ಬೇಗ ಹೊತ್ತಿಸಿ ಆರಿಸಿದರೆ ಬೆಳಕಿನಲ್ಲೇ ಮಾಹಿತಿ ಕಳಿಸಬಹುದು. ವೇಗಕ್ಕಾಗಿ ಚಿಪ್ ಚಿಕ್ಕದು ಮಾಡಿದರೆ ಅದು ಬಿಸಿಯಾಗಿ ಬೆಳಕು ಕುಗ್ಗುತ್ತದೆ. ಎರಡನ್ನೂ ಉಳಿಸಿಕೊಳ್ಳುವ ಚಿಪ್ ಮಾಡುವುದು ಅವಳ ಕೆಲಸ. ದಸರೆಯ ನಂತರ ಅವಳ ಕೆಲಸದ ಪರಿಶೀಲನೆಯಿತ್ತು. ಸಮಿತಿ ಒಪ್ಪಿದರೆ ಮಾತ್ರ ಫೆಲೋಶಿಪ್ ಮುಂದುವರಿಯುತ್ತಿತ್ತು.

ರಜೆ ಮುಗಿಸಿ ಬಂದು ಅವಳು ತನ್ನ ಚಿಪ್ ಅಳೆದಾಗ ಬೆಳಕು ಅರ್ಧಕ್ಕರ್ಧ ಇಳಿದಿತ್ತು. ಸಿಗ್ನಲ್ ಕ್ಷೀಣವಾಗಿ ವೇಗದ ಅಳತೆಯೂ ಕೈಗೆ ಸಿಗಲಿಲ್ಲ.

"ನಿನ್ನ ಚಿಪ್ ಸುಸ್ತಾಗಿದೆಯಮ್ಮ," ಎಂದರು ಮುಖ್ಯಸ್ಥರು.

"ಸಾರ್, ಗಾಜಿನ ಮೇಲೆ ಕುಂಕುಮ ಇದೆ."

"ಒಂದು ಬೊಟ್ಟು ಕುಂಕುಮಕ್ಕೆ ಹೆದರೋದು ಯಾವ ಸೀಮೆ ಎಲ್‌ಇಡಿ?"

ಅವಳು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಗಾಜು ಒರೆಸಿದಳು. ಅಳತೆ ಹಿಂದಿನ ಜಾಗಕ್ಕೇ ಮರಳಿತು. ಮುಖ್ಯಸ್ಥರು ಪರದೆಯನ್ನು ನೋಡಿದರು, ಬಾಗಿಲನ್ನು ನೋಡಿದರು.

"ಕಮಿಟಿಯವ್ರು ಕೇಳಿದ್ರೆ ಏನ್ ಹೇಳ್ಲಿ? ನಾನೇ ಹಚ್ಚಿದೆ ಅಂತ್ಲಾ?"

ಸಮಿತಿಗೆ ಕಳಿಸುವ ವರದಿಗೆ ಅವರು ಸೇರಿಸಿದ್ದು ಒರೆಸುವ ಮೊದಲಿನ ಅಳತೆಯನ್ನೇ. ಕುಂಕುಮದ ಪ್ರಸ್ತಾಪ ಇರಲಿಲ್ಲ. ಬೆಳಕಿನ ಕುರಿತು ಅಷ್ಟು ವರ್ಷ ಪಾಠ ಹೇಳಿದವರಿಗೆ ಬಚ್ಚಿಡುವ ಕಲೆ ಚೆನ್ನಾಗಿಯೇ ಒಲಿದಿತ್ತು.

ಪರಿಶೀಲನೆಯ ದಿನ ಅವಳು ಸಮಿತಿಯ ಮುಂದೆ ಫೋನ್ ಇಟ್ಟಳು. ವಿಭಾಗದ ವಾಟ್ಸ್ಆ್ಯಪ್ ಗುಂಪಿಗೆ ಮುಖ್ಯಸ್ಥರೇ ಹಾಕಿದ್ದ ಪೂಜೆಯ ಫೋಟೋ: ಅವರ ನಗು, ಅವರ ಬೆರಳು, ಉಪಕರಣದ ಗಾಜು. ಸಮಿತಿಯವರು ಲ್ಯಾಬಿಗೆ ಬಂದು ತಾವೇ ಅಳೆದರು. ಫೆಲೋಶಿಪ್ ಮುಂದುವರಿಯಿತು.

ಈ ವಾರ ನೋಟಿಸ್ ಬೋರ್ಡಿಗೆ ಒಂದು ಸುತ್ತೋಲೆ ಬಂದಿದೆ. ಪೂಜೆಯ ದಿನ ಎಲ್ಲ ಉಪಕರಣಗಳಿಗೆ ಮುಚ್ಚಳ ಹಾಕಿರಬೇಕು. ತಪ್ಪಿದರೆ ಸಂಶೋಧನಾ ವಿದ್ಯಾರ್ಥಿಗಳೇ ಹೊಣೆ. ಕೆಳಗೆ ಮುಖ್ಯಸ್ಥರ ಸಹಿ ಇದೆ.