ನಕ್ಷೆ ಅಕ್ಕನ ಪೆನ್ಸಿಲ್ ದಾರಿಗಳು

ಬೆಳಗಿನ ಐದು ಗಂಟೆ. ಪೆಟ್ರೋಲ್ ಬಂಕಿನ ಹಿಂದಿನ ಕೋಣೆಯಲ್ಲಿ ಆಕೆ ಒಂದು ದಾರಿಯನ್ನು ಅಳಿಸುತ್ತಿದ್ದಾರೆ. ರಬ್ಬರನ್ನು ಒಂದೇ ದಿಕ್ಕಿಗೆ, ಹಗುರವಾಗಿ ಎಳೆಯುತ್ತಾರೆ. ಹಿಂದೆ ಮುಂದೆ ಉಜ್ಜಿದರೆ ಕಾಗದದ ಎಳೆ ಎದ್ದುಬಿಡುತ್ತದೆ, ಆಮೇಲೆ ಅಲ್ಲಿ ಪೆನ್ಸಿಲ್ ಹಿಡಿಯುವುದಿಲ್ಲ. ಎರಡು ಬೆರಳುದ್ದದ ಗೆರೆ ಮಾಯವಾದ ಮೇಲೆ ಪುಡಿಯನ್ನು ಹಳೆಯ ಬಣ್ಣದ ಬ್ರಷ್ಷಿನಿಂದ ಗುಡಿಸಿ ಅಂಗೈಗೆ ತೆಗೆದುಕೊಂಡು ಬುಟ್ಟಿಗೆ ಹಾಕುತ್ತಾರೆ. ಕಿಟಕಿಯಾಚೆ ಅವರ ತಮ್ಮ ಜೀಪಿನ ತಲೆಯ ಮೇಲೆ ನೀರಿನ ಕ್ಯಾನುಗಳನ್ನು ಕಟ್ಟುತ್ತಿದ್ದಾನೆ.

ಅಳಿಸಿದ್ದು ಎರಡು ಗುಡ್ಡಗಳ ನಡುವಿನ ಮೂವತ್ತೆರಡು ಕಿಲೋಮೀಟರ್ ದಾರಿ. ಅಲ್ಲಿಂದ ಹಾದು ಬಂದೆ ಎಂದು ಎರಡು ವರ್ಷದಿಂದ ಯಾರೂ ಹೇಳಿಲ್ಲ. ಹೇಳದಿದ್ದರೆ ಆ ದಾರಿ ಇಲ್ಲ ಎಂದೇ ಅವರ ಲೆಕ್ಕ.

ಡಾಂಬರು ಈ ಬಂಕಿನ ಹತ್ತಿರವೇ ಮುಗಿಯುತ್ತದೆ. ಆಚೆಗೆ ಆರುನೂರು ಕಿಲೋಮೀಟರ್ ಕಲ್ಲುನೆಲ, ಒಣಹಳ್ಳ, ಉಪ್ಪಿನ ಬಯಲು. ಸ್ವಂತ ಗಾಡಿಯಲ್ಲಿ ಅದನ್ನು ದಾಟುವ ಆಸೆ ಹೊತ್ತು ಬರುವವರು ಮೊದಲು ಟ್ಯಾಂಕ್ ತುಂಬಿಸುತ್ತಾರೆ, ಆಮೇಲೆ ಈ ಕೋಣೆಯ ಬಾಗಿಲು ತಟ್ಟುತ್ತಾರೆ. ಐವತ್ತಮೂರು ವರ್ಷದ ಈ ಹೆಂಗಸನ್ನು ಎಲ್ಲರೂ ಕರೆಯುವುದು ನಕ್ಷೆ ಅಕ್ಕ ಎಂದು. ವಯಸ್ಸಿನಲ್ಲಿ ದೊಡ್ಡವರೂ ಹಾಗೇ ಕರೆಯುತ್ತಾರೆ.

ಹನ್ನೊಂದು ವರ್ಷ ಅವರು ಭೂಮಾಪನ ಕಚೇರಿಯೊಂದರಲ್ಲಿ ನಕ್ಷೆಗಳನ್ನು ತೆಳುಹಾಳೆಯ ಮೇಲೆ ನಕಲು ತೆಗೆಯುತ್ತಿದ್ದರು. ಕಂಪ್ಯೂಟರ್ ಬಂತು, ಆ ವಿಭಾಗಕ್ಕೆ ಬೀಗ ಬಿತ್ತು. ತಾಯಿ ಆಗಲೇ ತೀರಿಕೊಂಡಿದ್ದರು, ತಮ್ಮನನ್ನು ಸಾಕಿದ್ದು ಅಕ್ಕನೇ. ಅವನು ಬಂಕಿನಲ್ಲಿ ಡ್ರೈವರ್ ಕೆಲಸ ಹಿಡಿದ, ಹಿಂದೆಯೇ ಅಕ್ಕ ಬಂದು ಈ ಕೋಣೆ ಹಿಡಿದರು. ಅವನು ಆರಡಿ ಎತ್ತರ, ನಲವತ್ನಾಲ್ಕು ವರ್ಷ, ಕಿವಿಯ ಹತ್ತಿರ ನರೆ ಬಂದಿದೆ. ಆದರೂ ಅಕ್ಕನ ಬಾಯಲ್ಲಿ ಇವತ್ತಿಗೂ ‘ಸಣ್ಣ’.

ಮೇಜಿನ ತುಂಬ ಹರಡಿರುವ ಮೂಲ ಹಾಳೆಯಲ್ಲಿ ಇನ್ನೂರ ಹನ್ನೆರಡು ದಾರಿಗಳಿವೆ. ಎಲ್ಲವೂ ಪೆನ್ಸಿಲ್. ಪ್ರತಿ ಗೆರೆಯ ಪಕ್ಕ ತಾರೀಕು, ಹೇಳಿದವರ ಗುರುತು. ಪ್ರವಾಸದ ತಿಂಗಳುಗಳಲ್ಲಿ ವಾರಕ್ಕೆ ಆರೇಳು ತಂಡ ಬರುತ್ತವೆ, ಒಂದು ತಂಡಕ್ಕೆ ಬೇಕಾದ ದಾರಿಯನ್ನು ಇದರಿಂದ ಬೇರೆ ಹಾಳೆಗೆ ನಕಲಿಳಿಸಲು ನಾಲ್ಕು ಗಂಟೆ ಹಿಡಿಯುತ್ತದೆ. ಬಲಭುಜ ಸೋತಿದೆ. ಮಧ್ಯಾಹ್ನದ ಹೊತ್ತಿಗೆ ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಆಗ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಹತ್ತು ನಿಮಿಷ ಕೂರುತ್ತಾರೆ, ಮತ್ತೆ ಶುರು.

ಹೆಚ್ಚು ದಣಿಸುವುದು ಬರೆಯುವ ಕೆಲಸವಲ್ಲ, ಕೇಳುವ ಕೆಲಸ. ಹೋಗುವವರೆಲ್ಲ ಇಲ್ಲಿಗೆ ಬರುತ್ತಾರೆ, ವಾಪಸ್ ಬಂದವರು ಯಾರೂ ಬರುವುದಿಲ್ಲ. ಅದಕ್ಕೆ ಅಕ್ಕನೇ ಗಾಡಿ ತೊಳೆಯುವ ಕಟ್ಟೆಗೆ ಹೋಗಿ ನಿಲ್ಲುತ್ತಾರೆ. “ಅವ್ರಿಗೆ ಸ್ನಾನ ಬೇಕು, ಊಟ ಬೇಕು, ಹಾಸಿಗೆ ಬೇಕು. ನಾನು ಹೋಗಿ ಹಳ್ಳದಲ್ಲಿ ಎಷ್ಟು ನೀರಿತ್ತು ಅಂದ್ರೆ ಸಿಟ್ಟು ಬರಲ್ವಾ? ಬಂದೇ ಬರುತ್ತೆ. ಬೈಸ್ಕೊಂಡೇ ಕೇಳ್ತೀನಿ,” ಎನ್ನುತ್ತಾರೆ. ಬಾಯಿ ಬಿಡದವರ, ಬಡಾಯಿ ಕೊಚ್ಚುವವರ ಗಾಡಿಯ ಕೆಸರನ್ನೇ ನೋಡುತ್ತಾರೆ. ಉತ್ತರದ ಗುಡ್ಡ ಹತ್ತಿ ಇಳಿದೆ ಎಂದು ಒಬ್ಬ ಮೀಸೆ ತಿರುವುತ್ತಿದ್ದನಂತೆ. ಗುಡ್ಡದ ಮಣ್ಣು ಕೆಂಪು, ಅವನ ಚಕ್ರದ ಮೇಲಿನ ತಗಡಿನೊಳಗೆ ಬೆಳ್ಳಗೆ ಉಪ್ಪು. ಅರ್ಧ ದಾರಿಯಲ್ಲೇ ತಿರುಗಿ ಬಯಲಿನಲ್ಲಿ ಮಲಗೆದ್ದು ಬಂದಿದ್ದ. “ನಿಮ್ಮ ಗಾಡಿ ನಿಮಗಿಂತ ಒಳ್ಳೇದು, ಸುಳ್ಳು ಹೇಳಲ್ಲ ಅಂದೆ,” ಎಂದು ಅಕ್ಕ ನಗುತ್ತಾರೆ. ಆ ದಿನ ಬರೆಯಲು ಏನೂ ಸಿಗಲಿಲ್ಲ.

ಈ ಬೆಳಿಗ್ಗೆ ಹೊರಡುತ್ತಿರುವವರು ಒಬ್ಬರು ಮೇಷ್ಟ್ರು ಮತ್ತು ಅವರ ಹೆಂಡತಿ. ಒಂಬತ್ತು ದಿನದ ಪ್ರಯಾಣ. ಮುಂದೆ ದಾರಿ ತೋರಿಸಲು ಸಣ್ಣನ ಜೀಪು, ಹಿಂದೆ ಅವರ ಗಾಡಿ. ನಿನ್ನೆ ಸಂಜೆ ಮೇಷ್ಟ್ರು ತಂದಿದ್ದನ್ನೆಲ್ಲ ಮೇಜಿನ ಮೇಲೆ ಸುರಿದರು: ಎರಡು ಫೋನು, ಉಪಗ್ರಹ ನೋಡಿ ಜಾಗ ಹೇಳುವ ಅಂಗೈಯಗಲದ ಉಪಕರಣ, ದಿಕ್ಸೂಚಿ, ಬಣ್ಣದ ಪ್ರವಾಸಿ ನಕ್ಷೆ. ಬಣ್ಣದ ನಕ್ಷೆಯನ್ನು ಅಕ್ಕ ಮೊದಲೇ ಪಕ್ಕಕ್ಕಿಟ್ಟರು, ಅದರಲ್ಲಿ ಹಳ್ಳಗಳೇ ಇಲ್ಲ. ಫೋನಿನಲ್ಲಿ ನಕ್ಷೆ ಇಳಿಸಿಕೊಂಡಿದ್ದೇವೆ ಎಂದು ಮೇಷ್ಟ್ರ ಹೆಂಡತಿ ಹೇಳಿದಾಗ ನೆಟ್‌ವರ್ಕ್ ಆಫ್ ಮಾಡಿ ತೋರಿಸಲು ಹೇಳಿದರು. ಪರದೆಯ ಮುಕ್ಕಾಲು ಪಾಲು ಖಾಲಿಯಾಯಿತು. ಮತ್ತೆ ಕೂತು ಪೂರ್ತಿ ಇಳಿಸಿದ ಮೇಲೆ, ಒಂದು ಫೋನು ಸ್ವಿಚ್ ಆಫ್ ಆಗಿ ಚೀಲದಲ್ಲೇ ಇರಬೇಕೆಂದು ಕಟ್ಟುಮಾಡಿದರು. ದಿಕ್ಸೂಚಿಯನ್ನು ಬಾನೆಟ್ ಮೇಲಿಟ್ಟು ನೋಡಬಾರದು, ಕಬ್ಬಿಣ ಮುಳ್ಳನ್ನು ಎಳೆಯುತ್ತದೆ, ಹತ್ತು ಹೆಜ್ಜೆ ದೂರ ಹೋಗಿ ನೋಡಬೇಕು. ಉಪಕರಣವನ್ನು ಮಾತ್ರ ಒಳ್ಳೆಯದೇ ಆರಿಸಿದ್ದೀರಿ ಎಂದರು.

ಹಾಗಾದರೆ ಕಾಗದದ ಹಾಳೆ ಯಾಕೆ ಬೇಕು ಎಂದು ಮೇಷ್ಟ್ರು ಕೇಳಿದರು. ಅಕ್ಕನಿಗೆ ಈ ಪ್ರಶ್ನೆ ಅಭ್ಯಾಸವಾಗಿದೆ. “ನೀವು ಎಲ್ಲಿದ್ದೀರಿ ಅಂತ ಅದು ಸರಿಯಾಗೇ ಹೇಳುತ್ತೆ ಮೇಷ್ಟ್ರೇ. ಮುಂದಿನ ಹಳ್ಳದ ದಡ ಮೊನ್ನೆ ಕುಸಿದಿದೆ ಅಂತ ಅದಕ್ಕೆ ಯಾರು ಹೋಗಿ ಹೇಳ್ಬೇಕು?” ಮೂರನೆಯ ದಿನ ದಾಟಬೇಕಾದ ಹಳ್ಳದ ದಡ ನಿಜಕ್ಕೂ ಕುಸಿದಿದೆ. ಎರಡು ದಿನದ ಹಿಂದೆ ಲಾರಿಯವನೊಬ್ಬ ತೊಳೆಯುವ ಕಟ್ಟೆಯಲ್ಲಿ ಹೇಳಿದ. ಎಡಕ್ಕೆ ತಿರುಗಿ ಕಪ್ಪು ಬಂಡೆಗಳ ಸಾಲು ಬಳಸಿ ಹೋಗಬೇಕು. ಆ ಸುತ್ತು ಇವತ್ತಿಗೆ ಇರುವುದು ಅಕ್ಕನ ಹಾಳೆಯಲ್ಲಿ ಮಾತ್ರ.

ಕೊನೆಗೆ ಅವರು ದಾರಿಯ ನೀರಿನ ಬಾವಿಗಳು ಎಲ್ಲಿವೆ ಎಂದು ತಿಳಿಸುವ ಅಂಕಿಗಳನ್ನು ಮೇಷ್ಟ್ರಿಂದ ಗಟ್ಟಿಯಾಗಿ ಓದಿಸಿದರು. ಉಪಕರಣಕ್ಕೆ ತುಂಬಿದ ಒಂದೊಂದು ಅಂಕಿಯನ್ನೂ, ಡಿಗ್ರಿ ಎಷ್ಟು, ನಿಮಿಷ ಎಷ್ಟು ಎಂದು ಬಿಡಿಸಿ ಬಿಡಿಸಿ. ಮೇಷ್ಟ್ರು ತರಗತಿಯ ಹುಡುಗನ ಹಾಗೆ ಎದ್ದುನಿಂತು ಓದಿದರು. ಅವರ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ.

ಯಾಕೆಂದರೆ ನಾಲ್ಕು ವರ್ಷದ ಹಿಂದೆ ಅವರಿಂದ ಒಂದು ತಪ್ಪಾಗಿದೆ. ಒಂದು ಡಿಗ್ರಿಗೆ ಅರವತ್ತು ನಿಮಿಷ. ಒಂದು ಬಾವಿಯ ಅಂಕಿ ಬರೆಯುವಾಗ, ಡಿಗ್ರಿಯ ಮುಂದೆ ಇಪ್ಪತ್ನಾಲ್ಕು ನಿಮಿಷ ಎಂದು ಬಿಡಿಸಿ ಬರೆಯುವ ಬದಲು ಅವಸರದಲ್ಲಿ ಚುಕ್ಕೆಯಿಟ್ಟು ಇಪ್ಪತ್ನಾಲ್ಕು ಎಂದು ಬರೆದರು. ಉಪಕರಣ ಅದನ್ನು ದಶಾಂಶ ಎಂದೇ ಓದಿತು. ಅದು ತೋರಿಸಿದ ಜಾಗಕ್ಕೂ ಬಾವಿಗೂ ಹದಿನೆಂಟು ಕಿಲೋಮೀಟರ್ ದೂರ. ಆ ಹಾಳೆ ಹಿಡಿದು ಹೋಗಿದ್ದವನು ಸಣ್ಣ. ಜೊತೆಗೊಬ್ಬ ಮೆಕ್ಯಾನಿಕ್. ಹುಡುಕಾಟದಲ್ಲೇ ಡೀಸೆಲ್ ಮುಗಿಯಿತು. ಇಬ್ಬರಿಗೆ ಒಂದೂವರೆ ಲೀಟರ್ ನೀರು, ಎರಡು ದಿನ. ಮೂರನೆಯ ದಿನ ಉಪ್ಪಿನ ಲಾರಿಯೊಂದು ಕಂಡು ಕರೆತಂದಿತು.

“ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಬೈತಾನೆ ಅಂತ ಬಾಗಿಲಲ್ಲೇ ನಿಂತಿದ್ದೆ. ಬೈಲಿಲ್ಲ. ‘ಮಲಗ್ತೀನಿ ಅಕ್ಕ’ ಅಂದ, ಅಷ್ಟೇ,” ಎಂದು ಹೇಳಿ ಅವರು ಪೆನ್ಸಿಲ್ ಕೆತ್ತತೊಡಗುತ್ತಾರೆ. ಆಗಲೇ ಚೂಪಾಗಿರುವ ಪೆನ್ಸಿಲ್.

ಅದರ ಮುಂದಿನ ಪ್ರಯಾಣಕ್ಕೆ ಬರೆದಿಟ್ಟ ಹಾಳೆ ಮೇಜಿನ ಮೇಲೆಯೇ ಉಳಿಯಿತು. ಅದರ ಮುಂದಿನದೂ. ಅವತ್ತಿನಿಂದ ಇವತ್ತಿನವರೆಗೆ ಸಣ್ಣ ಅರವತ್ತೊಂದು ಸಲ ಹೋಗಿ ಬಂದಿದ್ದಾನೆ, ಒಂದು ಸಲವೂ ಅಕ್ಕನ ಹಾಳೆ ಮುಟ್ಟಿಲ್ಲ. ಊರಿನವರೆಲ್ಲ ಆ ಹಾಳೆಗಾಗಿ ಸಾಲು ನಿಲ್ಲುತ್ತಾರೆ, ಒಬ್ಬನನ್ನು ಬಿಟ್ಟು. ಬೇರೆ ಎಲ್ಲ ವಿಷಯಕ್ಕೂ ಅವನಿಗೆ ಅಕ್ಕನನ್ನು ಕೆಣಕದಿದ್ದರೆ ತಿಂದದ್ದು ಅರಗುವುದಿಲ್ಲ. ನಿನ್ನೆಯೂ ಕನ್ನಡಕ ಕಾಣದೆ ಪರದಾಡುತ್ತಿದ್ದ ಅವರಿಗೆ, “ಕನ್ನಡಕ ಎಲ್ಲಿದೆ ಅಂತ ಒಂದು ನಕ್ಷೆ ಬರ್ಕೋ ಅಕ್ಕ,” ಎಂದು ಹೇಳಿ ಹೋದ. ಈ ಒಂದು ವಿಷಯ ಬಂದರೆ ಮಾತ್ರ ಅವನ ದನಿ ನಯವಾಗಿಬಿಡುತ್ತದೆ. “ಮಿಷಿನ್ ಇದೆಯಲ್ಲ, ಸಾಕು. ಅಕ್ಕಂಗೆ ಯಾಕೆ ಸುಮ್ನೆ ತೊಂದ್ರೆ?” ಆ ನಯವೇ ಅಕ್ಕನಿಗೆ ಚುಚ್ಚುತ್ತದೆ.

ಕುಸಿದ ದಡದ ವಿಷಯವನ್ನು ಅವರು ರಾತ್ರಿ ಊಟದ ಹೊತ್ತಿಗೆ ಅವನಿಗೂ ಹೇಳಿದ್ದಾರೆ. ನೋಡೋಣ ಎಂದನಂತೆ. ಹಾಳೆ ಇರುವುದು ಹಿಂದಿನ ಗಾಡಿಯಲ್ಲಿ, ಹಳ್ಳಕ್ಕೆ ಮೊದಲು ಇಳಿಯುವುದು ಮುಂದಿನ ಗಾಡಿ.

ಈ ಕೆಲಸ ಬಿಟ್ಟುಬಿಡಬೇಕೆನಿಸುವುದಿಲ್ಲವೇ ಎಂದರೆ, ದಿನಾ ಅನಿಸುತ್ತದೆ ಎನ್ನುತ್ತಾರೆ. ಬಂಕಿನ ಸಾಹುಕಾರರೂ ಇನ್ನು ಸಾಕು ಮಾಡಿ, ಈಗ ಎಲ್ಲರ ಜೇಬಿನಲ್ಲೂ ನಕ್ಷೆ ಇದೆ ಎಂದು ಎರಡು ಸಲ ಸೂಚಿಸಿದ್ದಾರೆ. “ಬಿಡ್ತೀನಿ. ಅವನು ಒಂದ್ಸಲ ನನ್ನ ಹಾಳೆ ತಗೊಂಡು ಹೋಗಿ ವಾಪಸ್ ಬರ್ಲಿ. ಮಾರನೇ ದಿನಾನೇ ಬಿಡ್ತೀನಿ.”

ಆರು ಗಂಟೆಗೆ ಬೆಳಕು ಹರಿದಿದೆ. ಮೇಷ್ಟ್ರ ಹೆಂಡತಿ ಹಾಳೆಯನ್ನು ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿ ಮಡಿಲಲ್ಲಿಟ್ಟುಕೊಂಡು ಗಾಡಿಯಲ್ಲಿ ಕೂತಿದ್ದಾರೆ. ಸಣ್ಣ ಕಲ್ಲುದಾರಿಗೆಂದು ಜೀಪಿನ ಟೈರುಗಳ ಗಾಳಿ ಇಳಿಸುತ್ತಿದ್ದಾನೆ. ಅಕ್ಕ ನಾಲ್ಕಾಗಿ ಮಡಿಸಿದ ಇನ್ನೊಂದು ಹಾಳೆ ಹಿಡಿದು ಅವನ ಹತ್ತಿರ ಹೋಗುತ್ತಾರೆ.

“ಸಣ್ಣ, ನಿನ್ನ ಗಾಡಿಗೂ ಒಂದು ಬರ್ದಿದೀನಿ. ಅಂಕಿ ಎಲ್ಲಾ ಮೂರು ಸಲ ನೋಡಿದೀನಿ.”

ಸುಯ್ಯೆಂದು ಗಾಳಿ ಹೋಗುತ್ತದೆ. ಸಣ್ಣ ಮುಂದಿನ ಚಕ್ರ ಮುಗಿಸಿ ಹಿಂದಿನದರ ಹತ್ತಿರ ಕುಕ್ಕರುಗಾಲಲ್ಲಿ ಕೂರುತ್ತಾನೆ. ಅಕ್ಕ ಎರಡು ಹೆಜ್ಜೆ ಸರಿದು ಅವನ ಪಕ್ಕ ನಿಲ್ಲುತ್ತಾರೆ.

“ಓದ್ಬೇಡ ಬೇಕಾದ್ರೆ,” ಎನ್ನುತ್ತಾರೆ. “ಸೀಟಿನ ಹಿಂದೆ ಇಟ್ಕೊಂಡಿರು.”